ಗೋಡೆ ಸುರಿದ ಶನಿವಾರ

ಹಲಗೆ ಕಿತ್ತು ಬಂದದ್ದೇ ತಡ, ಗೋಡೆಯೊಳಗಿಂದ ಏನೋ ಸುರಿಯತೊಡಗಿತು.

ಮೊದಲು ಇರಾಳ ಸಾಕ್ಸಿನ ಮೇಲೆ ಬಿತ್ತು. ಆಮೇಲೆ ಪಾದವೇ ಮುಳುಗಿತು. ಕಂದು ಬಣ್ಣದ, ರವೆಯಂಥ ಹಗುರವಾದ ಪುಡಿ. ಸರ್ ಎಂದು ಒಂದೇ ಸಮನೆ ಇಳಿಯುತ್ತಿತ್ತು. ಇರಾ ಎರಡೂ ಅಂಗೈಗಳನ್ನು ಅಡ್ಡ ಹಿಡಿದಳು. ಬೆರಳ ಸಂದಿಯಿಂದಲೂ ಅದು ಜಾರಿತು.

"ತೂವಾ, ದಿಂಬು ಕೊಡು, ಬೇಗ" ಎಂದಳು ಸ್ವೀಡಿಷ್‌ನಲ್ಲಿ.

ತೂವಾ ಇರಾಳ ಕ್ಲಾಸಿನವಳು, ಹಿಂದಿನ ಬೀದಿಯಲ್ಲೇ ಅವಳ ಮನೆ. ಅವಳು ದಿಂಬು ತಂದು ಸಂದಿಗೆ ಒತ್ತಿ ಹಿಡಿದಳು. ಪುಡಿ ದಿಂಬಿನ ಪಕ್ಕದಿಂದ ದಾರಿ ಮಾಡಿಕೊಂಡಿತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕೊನೆಗೆ ಆ ಗುಡ್ಡೆಯ ಮೇಲೆಯೇ ಕುಳಿತುಬಿಟ್ಟರು.

ಆಗ ಹೊರಗೆ ಕಾರು ನಿಂತ ಸದ್ದಾಯಿತು. ಇರಾಳ ನಗು ನಿಂತಿತು.

ಸ್ಕ್ರೂ ತರಲು ಅಂಗಡಿಗೆ ಹೊರಡುವ ಮುಂಚೆ ಅಪ್ಪ ಹೇಳಿದ್ದು ಒಂದೇ ಮಾತು. ವಾಲ್‌ಪೇಪರ್ ಎಷ್ಟು ಬೇಕಾದರೂ ಕಿತ್ತುಕೊಳ್ಳಿ, ಹಲಗೆ ಮಾತ್ರ ಮುಟ್ಟಬೇಡಿ.

ಎಸ್ಕಿಲ್‌ಸ್ಟುನಾ ಊರಿನ ಅಂಚಿನಲ್ಲಿದ್ದ ಆ ಹಳದಿ ಮರದ ಮನೆಗೆ ಹತ್ತಿರ ಹತ್ತಿರ ನೂರು ವರ್ಷ. ಅಪ್ಪ ಅಭಿಜಿತ್ ಮಣ್ಣು ತೋಡುವ ದೊಡ್ಡ ದೊಡ್ಡ ಯಂತ್ರಗಳನ್ನು ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಅಮ್ಮ ನಿವೇದಿತಾ ಕೆಲಸಕ್ಕೆಂದು ಟ್ರೇನಿನಲ್ಲಿ ಸ್ಟಾಕ್‌ಹೋಮ್‌ಗೆ ಹೋಗಿಬರುತ್ತಿದ್ದಳು. ಸೋಮವಾರದಿಂದ ಶುಕ್ರವಾರದವರೆಗೆ ಅವರೂ ಎಲ್ಲರ ಹಾಗೆಯೇ. ಶನಿವಾರ ಬಂತೆಂದರೆ ಮೂವರೂ ಬಣ್ಣ ಮೆತ್ತಿದ ಹಳೆ ಬಟ್ಟೆ ಹಾಕಿಕೊಂಡು ಕೆಲಸಕ್ಕಿಳಿಯುತ್ತಿದ್ದರು.

ಇರಾಗೆ ಶನಿವಾರವೆಂದರೆ ಪ್ರಾಣ. ಏನು ಕಿತ್ತರೂ ಅದರ ಕೆಳಗೆ ಇನ್ನೇನೋ ಇರುತ್ತಿತ್ತು. ಅಡುಗೆಮನೆಯ ಪ್ಲಾಸ್ಟಿಕ್ ಹಾಸಿನ ಕೆಳಗೆ ಚಂದದ ಮರದ ನೆಲ ಸಿಕ್ಕಿತ್ತು. ಮೆಟ್ಟಿಲಿನ ಬಿಳಿ ಬಣ್ಣದ ಕೆಳಗೆ ಹಸಿರು, ಹಸಿರಿನ ಕೆಳಗೆ ಕೆಂಪು. ಬೆಂಗಳೂರಿನಲ್ಲಿ ಕ್ಯಾಲೆಂಡರಿಗೆ ಮೊಳೆ ಹೊಡೆಯಲೂ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುತ್ತಿದ್ದ ಅಪ್ಪ ಇಲ್ಲಿ ಗರಗಸ ಹಿಡಿದು ನಿಲ್ಲುತ್ತಾನಲ್ಲ ಎಂದು ಅಮ್ಮ ಆಗಾಗ ನಗುತ್ತಿದ್ದಳು.

ಈಗ ನಡೆಯುತ್ತಿದ್ದದ್ದು ಮಹಡಿಯ ಮೇಲಿನ ಇರಾಳ ಕೋಣೆಯ ಕೆಲಸ. ಕಳೆದ ಚಳಿಗಾಲದಲ್ಲಿ ಇರಾ ಅಲ್ಲಿ ಮಲಗಲು ನೋಡಿದ್ದಳು. ಸ್ವೆಟರಿನ ಮೇಲೆ ಸ್ವೆಟರ್ ಹಾಕಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಕೊನೆಗೆ ಅಪ್ಪ ಅಮ್ಮನ ಕೋಣೆಯ ಮೂಲೆಯಲ್ಲಿ ಹಾಸಿಗೆ ಹಾಕಿಕೊಂಡಳು. ಗಾಳಿ ಕಿಟಕಿಯಿಂದಲೇ ಬರುತ್ತಿದೆ ಎಂದು ಅಪ್ಪ ಬೇಸಿಗೆಯೆಲ್ಲ ಕಿಟಕಿಗಳ ಸಂದು ಮುಚ್ಚಿದ್ದ. ಇನ್ನು ಗೋಡೆಗೆ ಬಣ್ಣ ಹೊಡೆದರೆ ಮುಗಿಯಿತು. ಶರತ್ಕಾಲದ ರಜೆಯ ಮೊದಲ ದಿನ ತೂವಾ ಆ ಕೋಣೆಯಲ್ಲಿ ಉಳಿದುಕೊಳ್ಳಲು ಬರುವುದೆಂದು ಮಾತಾಗಿತ್ತು. ಇರಾಳ ಮನೆಗೆ ಗೆಳತಿಯೊಬ್ಬಳು ಉಳಿಯಲು ಬರುತ್ತಿದ್ದದ್ದು ಅದೇ ಮೊದಲು. ರಜೆಗೆ ಉಳಿದದ್ದು ಒಂದೇ ವಾರ.

ಬೆಳಗ್ಗೆಯಿಂದ ಇಬ್ಬರೂ ವಾಲ್‌ಪೇಪರ್ ಕೀಳುತ್ತಿದ್ದರು. ಬೂದು ಪಟ್ಟೆಯ ಕೆಳಗೆ ಕಿತ್ತಳೆ ಹೂಗಳು, ಹೂಗಳ ಕೆಳಗೆ ನೀಲಿ ಹಡಗುಗಳು. ಹಡಗುಗಳೂ ಹೋದ ಮೇಲೆ ಹಲಗೆ. ನೆಲದ ಹತ್ತಿರದ ಒಂದು ಹಲಗೆ ಹಾಲು ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಮೊಳೆ ಕೀಳುವ ಸಣ್ಣ ಹಾರೆ ಅಲ್ಲೇ ಬಿದ್ದಿತ್ತು. ಅಲ್ಲಾಡುವ ಹಲ್ಲನ್ನು ಯಾರು ತಾನೇ ಸುಮ್ಮನೆ ಬಿಡುತ್ತಾರೆ?

ಅಪ್ಪ ಮೇಲೆ ಬಂದು ಬಾಗಿಲಲ್ಲೇ ನಿಂತ. ಅವನ ಹಿಂದೆ ಅಮ್ಮ, ಕೈಯಲ್ಲಿ ಬಣ್ಣದ ಬ್ರಷ್.

"ನಾನು ಏನ್ ಹೇಳಿದ್ದೆ, ಇರಾ?" ಅಪ್ಪ ಮೆಲ್ಲಗೇ ಕೇಳಿದ. ಜೋರಾಗಿ ಕೇಳಿದ್ದರೆ ಒಳ್ಳೆಯದಿತ್ತು ಅನ್ನಿಸಿತು ಇರಾಗೆ.

"ಬರೀ ಒಂದು ಹಲಗೆ ಅಪ್ಪಾ. ಅದೇ ಲೂಸ್ ಆಗಿತ್ತು."

ಅಪ್ಪ ಬಗ್ಗಿ ಒಂದು ಹಿಡಿ ಪುಡಿ ತೆಗೆದುಕೊಂಡು ಮೂಸಿ ನೋಡಿದ. ಮರದ ಹೊಟ್ಟು ಎಂದ. ಹಳೆ ಕಾಲದಲ್ಲಿ ಒಳಗೊಂದು ಹಲಗೆ, ಹೊರಗೊಂದು ಹಲಗೆ ಹೊಡೆದು ನಡುವೆ ಇದನ್ನು ತುಂಬುತ್ತಿದ್ದರಂತೆ. ಮನೆಗೆ ಅದೇ ಕಂಬಳಿ. ಈಗ ಆ ಕಂಬಳಿ ನೆಲದ ಮೇಲಿದೆ. ಇದನ್ನು ಸರಿಮಾಡುವವರನ್ನು ಹುಡುಕುವಷ್ಟರಲ್ಲಿ ಹಿಮ ಬೀಳುತ್ತದೆ. ಈ ಚಳಿಗಾಲವೂ ನಮ್ಮ ಕೋಣೆಯಲ್ಲೇ ಮಲಗಬೇಕಾಗುತ್ತದೆ ಎಂದು ಹೇಳಿ ಅಪ್ಪ ಕೆಳಗಿಳಿದ.

ತೂವಾಗೆ ಕನ್ನಡ ಬಾರದು. ಆದರೂ ಎಲ್ಲ ಅರ್ಥವಾಯಿತು. ಅವಳು ಹೊಟ್ಟನ್ನು ಬಕೆಟಿಗೆ ತುಂಬತೊಡಗಿದಳು.

ಇರಾ ಸ್ವಲ್ಪ ಹೊತ್ತು ಬಿಟ್ಟು ಸಾರಿ ಕೇಳಲು ಹೊರಟಳು. ಅಪ್ಪ ದೂರ ಹೋಗಿರಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಫೋನಿನಲ್ಲಿ ವಿಡಿಯೋ ನೋಡುತ್ತಿದ್ದ. ಬಿಳಿ ಗಡ್ಡದ ತಾತನೊಬ್ಬ ಯಾವುದೋ ಹಳೆ ಮನೆಯ ಮುಂದೆ ನಿಂತು ಸ್ವೀಡಿಷ್‌ನಲ್ಲಿ ಪಟಪಟ ಮಾತಾಡುತ್ತಿದ್ದ. ಅಪ್ಪ ನಿಲ್ಲಿಸಿದ, ಹಿಂದಕ್ಕೆ ಹಾಕಿದ, ಮತ್ತೆ ಕೇಳಿದ. ಮತ್ತೆ ಹಿಂದಕ್ಕೆ ಹಾಕಿದ. ಅವನ ಕಿವಿ ಕೆಂಪಗಾಗಿತ್ತು.

ಇರಾ ನಿಂತು ನೋಡಿದಳು. ಅಪ್ಪನ ಮುಖ ಕೋಪದ್ದಾಗಿರಲಿಲ್ಲ. ಗಣಿತದ ಟೆಸ್ಟಿನಲ್ಲಿ ಲೆಕ್ಕವೇ ಅರ್ಥವಾಗದಿದ್ದಾಗ ತನ್ನ ಮುಖ ಹೀಗೇ ಇರುತ್ತದೇನೋ.

ಅವಳು ಹೋಗಿ ಪಕ್ಕದಲ್ಲಿ ಕುಳಿತಳು. "ಸಾರಿ ಅಪ್ಪಾ. ಇನ್ನೊಂದ್ಸಲ ಹಾಕು, ನಾನು ಕೇಳ್ತೀನಿ."

ಅಪ್ಪ ಮತ್ತೆ ಹಾಕಿದ.

"ಹೊಟ್ಟು ಕೂತ್ಕೊಂಡ್ಬಿಡುತ್ತೆ ಅಂತಿದ್ದಾನೆ."

"ಕೂತ್ಕೊಳ್ಳೋದಾ?"

"ಹೂಂ. ವರ್ಷ ಆಗ್ತಾ ಆಗ್ತಾ ಕೆಳಗೆ ಕೂತ್ಕೊಳ್ಳುತ್ತಂತೆ. ಆಗ ಗೋಡೆ ಮೇಲ್ಗಡೆ ಖಾಲಿ ಆಗುತ್ತಂತೆ. ಅಟ್ಟಕ್ಕೆ ಹೋಗಿ ಮೇಲಿಂದ ನೋಡಿ ಅಂತಿದ್ದಾನೆ."

ಅಪ್ಪ ಫೋನ್ ಜೇಬಿಗೆ ಹಾಕಿಕೊಂಡು ಎದ್ದ.

ಅಟ್ಟದಲ್ಲಿ ಬಗ್ಗಿಕೊಂಡೇ ನಡೆಯಬೇಕಿತ್ತು. ಇರಾ ಟಾರ್ಚ್ ಹಿಡಿದಳು. ಗೋಡೆಯ ನೆತ್ತಿಯ ಮೇಲಿದ್ದ ಮರದ ಪಟ್ಟಿಯನ್ನು ಅಪ್ಪ ಎಬ್ಬಿಸಿ, ಒಳಗೆ ತೋಳು ಇಳಿಸಿದ. ಭುಜದವರೆಗೆ ಇಳಿಸಿದರೂ ಕೈಗೆ ಏನೂ ಸಿಗಲಿಲ್ಲ. ಇನ್ನೊಂದು ತುದಿಗೆ ಹೋಗಿ ನೋಡಿದ. ಅದು ಇರಾ ಕಿತ್ತ ಹಲಗೆಯಿಂದ ಎಷ್ಟೋ ದೂರ. ಅಲ್ಲಿಯೂ ಖಾಲಿ. ಟಾರ್ಚ್ ಹಾಯಿಸಿದರೆ ಒಳಗೆಲ್ಲ ಜೇಡರ ಬಲೆ, ಧೂಳು ಹಿಡಿದು ಕಪ್ಪಾಗಿತ್ತು.

"ಈ ಬಲೆ ಇವತ್ತಿಂದಲ್ಲ" ಎಂದ ಅಪ್ಪ.

ಆಮೇಲೆ ಅವನ ಹೊಟ್ಟೆ ಕುಲುಕತೊಡಗಿತು. ಅಪ್ಪ ನಗುತ್ತಿದ್ದ. ಗೋಡೆ ಎಷ್ಟು ವರ್ಷದಿಂದ ಅರ್ಧ ಖಾಲಿಯಿತ್ತೋ ಏನೋ, ತಾನು ನೋಡಿದರೆ ಬೇಸಿಗೆಯೆಲ್ಲ ಪಾಪದ ಕಿಟಕಿಗಳ ಹಿಂದೆ ಬಿದ್ದಿದ್ದೆನಲ್ಲ ಎಂದ. ಕೆಳಗಿನಿಂದ ಅಮ್ಮ ಏನಾಯಿತೆಂದು ಕೂಗಿ ಕೇಳಿದಳು. ಬಕೆಟ್‌ಗಳನ್ನೆಲ್ಲ ಮೇಲೆ ಕಳಿಸು ಎಂದ ಅಪ್ಪ.

ಅಲ್ಲಿಂದ ಮನೆಯಲ್ಲಿ ಹಬ್ಬವೇ ನಡೆಯಿತು. ಅಪ್ಪ ಹಲಗೆಯನ್ನು ಮತ್ತೆ ಅದರ ಜಾಗಕ್ಕೆ ಮೊಳೆ ಹೊಡೆದು ಕೂರಿಸಿದ. ಎಲ್ಲರೂ ಮೂಗಿಗೆ ಮಾಸ್ಕ್ ಕಟ್ಟಿಕೊಂಡರು. ತೂವಾ ತುಂಬುವುದು, ಅಮ್ಮ ಏಣಿಯವರೆಗೆ ಒಯ್ಯುವುದು, ಇರಾ ಮೇಲಕ್ಕೆ ದಾಟಿಸುವುದು, ಅಪ್ಪ ಸುರಿಯುವುದು. ರಟ್ಟಿನ ಡಬ್ಬ ಕತ್ತರಿಸಿ ಒಂದು ದೊಡ್ಡ ಲಾಳಿಕೆಯನ್ನೂ ಮಾಡಿಕೊಂಡರು. ಅಮ್ಮನ ಕೂದಲು ಮೈಸೂರ್‌ಪಾಕಿನ ಬಣ್ಣಕ್ಕೆ ತಿರುಗಿತು.

ನೆಲದ ಮೇಲಿದ್ದದ್ದೆಲ್ಲ ಗೋಡೆಯೊಳಗೆ ಹೋಯಿತು. ಆದರೂ ಗೋಡೆ ತುಂಬಲಿಲ್ಲ. ಇನ್ನಷ್ಟು ಹೊಟ್ಟು ಎಲ್ಲಿಂದ ತರುವುದು? ಅಪ್ಪ ಅಮ್ಮ ಕನ್ನಡದಲ್ಲಿ ಲೆಕ್ಕ ಹಾಕತೊಡಗಿದರು.

ಏನು ವಿಷಯವೆಂದು ತೂವಾ ಕೇಳಿದಳು. ಇರಾ ಹೇಳಿದಳು. ಅದಕ್ಕೇನಂತೆ, ತಾನು ಕುದುರೆ ಸವಾರಿ ಕಲಿಯುವ ಲಾಯದಲ್ಲಿ ಮರದ ಹೊಟ್ಟಿನ ಮೂಟೆಗಳು ರಾಶಿ ಬಿದ್ದಿವೆ, ಕುದುರೆಗಳಿಗೆ ಹಾಸಲು ತರಿಸುತ್ತಾರೆ, ಕೇಳಿದರೆ ನಮಗೂ ಕೊಡುತ್ತಾರೆ ಎಂದಳು ತೂವಾ.

ಭಾನುವಾರ ಬೆಳಗ್ಗೆ ಕಾರಿನ ಹಿಂದೆ, ಮೇಲೆ, ಸೀಟುಗಳ ನಡುವೆ ಎಲ್ಲ ಕಡೆ ಮೂಟೆ. ಇರಾ, ತೂವಾ ತೊಡೆಯ ಮೇಲೂ ಒಂದೊಂದು ಇಟ್ಟುಕೊಂಡಿದ್ದರು. ಕಾರಿನ ತುಂಬ ಆಗ ತಾನೇ ಸೀಳಿದ ಮರದ ಘಮ. ಕುದುರೆಗಳ ಹಾಸಿಗೆ ನಿನ್ನ ಗೋಡೆಗೆ ಬಂತು, ಇನ್ನು ನಿನ್ನ ಕೋಣೆ ಹೇಷಾರವ ಮಾಡುತ್ತದೆ ನೋಡು ಎಂದು ಅಮ್ಮ ಕೀಟಲೆ ಮಾಡಿದಳು. ಹೇಷಾರವ ಎಂದರೆ ಏನೆಂದು ಇರಾ ಕೇಳಿದಾಗ ಅಪ್ಪನೇ ಸ್ಟಿಯರಿಂಗ್ ಹಿಡಿದು ಕುದುರೆಯ ಹಾಗೆ ಕೆನೆದು ತೋರಿಸಿದ.

ಈ ಸಲ ಸುರಿಯುವ ಕೆಲಸ ಇರಾಗೆ ಸಿಕ್ಕಿತು. ಕತ್ತಲೆಯ ಸಂದಿನೊಳಗೆ ಹೊಟ್ಟು ಇಳಿಯುವ ಸದ್ದು ಮೊದಲು ದೂರದಿಂದ ಕೇಳಿಸುತ್ತಿತ್ತು. ಮೂಟೆ ಮುಗಿದಂತೆಲ್ಲ ಹತ್ತಿರ, ಇನ್ನೂ ಹತ್ತಿರ. ಕೊನೆಗೆ ಅವಳ ಅಂಗೈಗೇ ಸಿಕ್ಕಿತು. ಅವಳು ಅದನ್ನು ದಿಂಬಿನಂತೆ ತಟ್ಟಿ ಕೂರಿಸಿದಳು.

ರಜೆಯ ಮೊದಲ ದಿನ ತೂವಾ ಹೇಳಿದ ಹಾಗೆ ಬಂದಳು. ಗೋಡೆಗೆ ಬಣ್ಣವೇನೂ ಆಗಿರಲಿಲ್ಲ, ಬರೀ ಹಲಗೆ. ಮರುದಿನ ಬೆಳಗ್ಗೆ ಅಂಗಳದ ಹುಲ್ಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿತ್ತು. ಅಮ್ಮ ಬಂದು ನೋಡಿದರೆ ತೂವಾಳ ಕಂಬಳಿ ನೆಲದ ಮೇಲೆ ಬಿದ್ದಿತ್ತು. ಅದನ್ನು ಎತ್ತಿಕೊಳ್ಳುವುದೂ ಬೇಡವೆನ್ನುವಂತೆ ಅವಳು ಕೈಕಾಲು ಚಾಚಿ ಮಲಗಿದ್ದಳು.

ತಿಂಡಿ ಮುಗಿಸಿ ತೂವಾ ಮನೆಗೆ ಹೋದ ಮೇಲೆ ಇರಾ ಹಳೆ ಬಟ್ಟೆ ಹಾಕಿಕೊಂಡು ಬಂದಳು. ಅಪ್ಪ ಆಗಲೇ ಪಕ್ಕದ ಸಣ್ಣ ಕೋಣೆಯಲ್ಲಿ, ಕೈಯಲ್ಲಿ ಹಾರೆ ಹಿಡಿದು ಗೋಡೆಯ ಮುಂದೆ ನಿಂತಿದ್ದ.

"ಎಲ್ಲಿಂದ ಶುರು ಮಾಡೋಣ, ಇರಾ?"

ಟೀಚರ್ ಉತ್ತರ ಗೊತ್ತಿದ್ದೂ ಕೇಳುತ್ತಾರಲ್ಲ, ಅಪ್ಪನೂ ಹಾಗೆಯೇ ಕೇಳುತ್ತಿದ್ದಾನೆ ಎಂದುಕೊಂಡಳು ಇರಾ. ಅವನ ಮುಖ ನೋಡಿದಳು. ಹಾಗಿರಲಿಲ್ಲ. ಅಪ್ಪನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಅವಳಿಗೆ ಯಾಕೋ ಖುಷಿಯಾಯಿತು. ಗೋಡೆಗೆ ಕಿವಿ ಇಟ್ಟು, ಹೊಟ್ಟು ಎಲ್ಲಿಯವರೆಗಿದೆ ಎಂದು ಬೆರಳ ಗೆಣ್ಣಿನಿಂದ ಕೆಳಗಿನಿಂದ ಮೇಲಕ್ಕೆ ತಟ್ಟುತ್ತ ಹೋದಳು. ಅಪ್ಪ ಹಾರೆಯನ್ನು ಕೆಳಗಿಟ್ಟು, ತಾನೂ ಗೋಡೆಗೆ ಕಿವಿ ಇಟ್ಟ.