ಎರಡು ಮೊಳದ ಸಮುದ್ರ

ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರೆ. ಆ ಸಂಜೆ ಹಂಸಳ ಮನಸ್ಸು ಹಾಗೇ ಇತ್ತು. ಮಕ್ಕಳೆಲ್ಲ ಹೋದ ಮೇಲೆ ಶಾಲೆಯ ಪಡಸಾಲೆಯಲ್ಲಿ, ಗೋಡೆಯ ಮೇಲೆ ಬರೆದಿದ್ದ ಆಫ್ರಿಕಾ ಖಂಡದ ಮುಂದೆ ನಿಂತು, ಒದ್ದೆ ಮಾಡಿದ ಸೆರಗಿನ ತುದಿಯಿಂದ ಒಂದು ದೇಶದ ಹೆಸರನ್ನು ಉಜ್ಜಿ ಅಳಿಸುತ್ತಿದ್ದಳು.

"ಓಹೋ! ದೆವ್ವ ಸಿಕ್ಕಿಬಿತ್ತು ನೋಡ್ರಿ."

ಬೆಚ್ಚಿಬಿದ್ದು ತಿರುಗಿದಳು. ಬಾಗಿಲಲ್ಲಿ ಸಿದ್ಧಲಿಂಗೇಶ. ಗದಗದ ಕಡೆಯವನು, ಹಲಸೂರು ಕೆರೆಯ ಹತ್ತಿರದ ಈ ಹಳೇ ಶಾಲೆಗೆ ಆ ಜೂನ್‌ನಲ್ಲಷ್ಟೇ ಭೂಗೋಳದ ಮೇಷ್ಟ್ರಾಗಿ ಬಂದವನು. ಮಕ್ಕಳಿಗೆ ಪುಸ್ತಕದ ಪುಟಾಣಿ ನಕ್ಷೆ ಸಾಲದೆಂದು ಆಳೆತ್ತರದ ಆಫ್ರಿಕಾವನ್ನು ಗೋಡೆಗೇ ಏರಿಸುತ್ತಿದ್ದ. ಅಕ್ಷರ ಚೆನ್ನಾಗಿದೆಯೆಂದು ಕನ್ನಡ ಟೀಚರ್ ಹಂಸಳನ್ನು ಹೆಡ್‌ಮಿಸ್ ಅವನ ಜೊತೆಗೆ ಹಾಕಿದ್ದರು. ಅವನು ಚಾಕ್‌ಪೀಸಿನಲ್ಲಿ ಹೆಸರು ಬರೆದಿಟ್ಟು ಹೋದರೆ ಬೆಳಿಗ್ಗೆ ಪ್ರತಿಸಲವೂ ಅದೇ ಒಂದು ಹೆಸರು ಮಾಯವಾಗಿರುತ್ತಿತ್ತು. ಹಳೇ ಕಟ್ಟಡ, ದೆವ್ವ ಇದೆ ಸರ್ ಎಂದು ಮಕ್ಕಳು ಗುಸುಗುಟ್ಟಿದ್ದರು.

"ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದಂಗಾತಲ್ರೀ ಟೀಚರ್! ಏಳನೇ ಕ್ಲಾಸಿನ ಹುಡುಗ್ರನ್ನೆಲ್ಲ ಬೆಂಚಿನ ಮ್ಯಾಲೆ ನಿಲ್ಲಿಸೇನಿ ನಾ."

ನಗುತ್ತಲೇ ಬಂದವನು ಅವಳ ಮುಖ ನೋಡಿ ನಿಂತುಬಿಟ್ಟ.

"ಆ ಹೆಸರು ಬರೀಬೇಡಿ ಸರ್."

"ಯಾಕ್ರೀ?"

"ನಮ್ಮನೆಯವ್ರು ಅಲ್ಲೇ ತೀರ್ಕೊಂಡಿದ್ದು."

ಅವನ ಕಣ್ಣು ಅವಳ ಹಣೆಯ ಕುಂಕುಮಕ್ಕೆ, ಮುಡಿಯ ಮಲ್ಲಿಗೆಗೆ, ಕೊರಳಿನ ತಾಳಿಗೆ ಹೋಗಿ ಗೊಂದಲಗೊಂಡಿತು. ಹಂಸಳಿಗೆ ಆ ನೋಟ ಹೊಸದಲ್ಲ.

ಅವಳ ಗಂಡ ಪ್ರೇಮ್‌ಕುಮಾರ್ ಸೇನೆಯ ಇಂಜಿನಿಯರ್ ದಳದಲ್ಲಿದ್ದ. ಮದುವೆಯಾದ ವರ್ಷವೇ ವಿಶ್ವಸಂಸ್ಥೆಯ ಶಾಂತಿಪಡೆ ಸೇರಿ ಸೊಮಾಲಿಯಾಕ್ಕೆ ಹೋದ. ರಸ್ತೆಯಲ್ಲಿ ಹೂತಿಟ್ಟಿದ್ದ ಮೈನ್ ಸಿಡಿಯಿತು. ಹೊರಮಾವಿನ ಮನೆಗೆ ಬಂದದ್ದು ಮೊಳೆ ಹೊಡೆದ ಪೆಟ್ಟಿಗೆ. ತೆರೆಯಬೇಡಿ ಅಂದರು, ತೆರೆಯಲಿಲ್ಲ. "ಮುಖ ನೋಡ್ದೆ ಹೆಂಗೆ ನಂಬೋದು? ಯಾರದೋ ಏನೋ" ಎಂದು ಅತ್ತೆ ಆಂಜನಮ್ಮ ಹಟ ಹಿಡಿದು ಕೂತರು. ಒಂದು ತೊಟ್ಟು ಕಣ್ಣೀರೂ ಹಾಕಲಿಲ್ಲ. ನಾಲ್ಕು ವರ್ಷದಿಂದ ದಿನಾ ಸಂಜೆ ಮಗನಿಗೊಂದು ತಟ್ಟೆ ಇಡುತ್ತಾರೆ. ಸೊಸೆಗೆ ತಾವೇ ಹೂವು ಮುಡಿಸುತ್ತಾರೆ. "ಭಾಳ ದೂರದ ದೇಶ ಅಂತೆ ಕಣೇ, ಸಮುದ್ರ ದಾಟ್ಬೇಕಂತೆ. ತಡ ಆಗುತ್ತೆ" ಅನ್ನುತ್ತಾರೆ.

ಹಂಸಳೇನು ಕಡಿಮೆಯೇ? ಗೇಟು ಕಿರ್ ಅಂದರೆ ಅವಳ ಎದೆಯೂ ಹೊಡೆದುಕೊಳ್ಳುತ್ತಿತ್ತು. ಸತ್ತಿದ್ದಾನೆಂದು ಅವಳಿಗೆ ಗೊತ್ತು. ಆದರೂ ನಕ್ಷೆಯಲ್ಲಿ ಆ ಹೆಸರು ಕಂಡರೆ ಅವನು ಬಿದ್ದ ಜಾಗವೇ ಕಂಡಂತಾಗಿ ಅಳಿಸದೆ ಇರಲಾಗುತ್ತಿರಲಿಲ್ಲ.

ಇದೆಲ್ಲ ಕೇಳಿದ ಸಿದ್ಧಲಿಂಗೇಶ ಮರುದಿನ ಏಳನೇ ಕ್ಲಾಸಿನ ಕ್ಷಮೆ ಕೇಳಿದ. ಗೋಡೆಯ ಮೇಲಿದ್ದ ಹೆಸರುಗಳನ್ನೆಲ್ಲ, ಒಂದೂ ಬಿಡದೆ, ತಾನೇ ಅಳಿಸಿಬಿಟ್ಟ.

"ಮೊದಲು ನೆಲ ಕಲಿಯೋಣ್ರಿ. ದೇಶ ಆಮ್ಯಾಲೆ."

ಹೀಗೆ ಶುರುವಾಯಿತು. ಶಾಲೆ ಬಿಟ್ಟ ಮೇಲಿನ ಅರ್ಧ ಗಂಟೆ ಅವರದಾಯಿತು. ಸಹಾರಾಕ್ಕೆ ಹಳದಿ ಬಳಿದರು. ಕಾಂಗೋ ಕಾಡಿಗೆ ಹಸಿರು, ಕಿಲಿಮಂಜಾರೋದ ತಲೆಗೆ ಒಂದು ಬೊಟ್ಟು ಬಿಳಿ.

"ಸರ್, ನೈಲ್ ನದಿ ಕೆಳಗಿಂದ ಮೇಲಕ್ಕೆ ಹರಿಯುತ್ತಾ?"

"ಉತ್ತರ ಅಂದ್ರ ಮ್ಯಾಲಲ್ರೀ ಟೀಚರ್. ಗ್ವಾಡಿಗೆ ಹಚ್ಚಿದ್ದಕ್ಕ ಹಂಗ ಕಾಣತೈತಿ."

ಅವಳು ನಾಲಿಗೆ ಕಚ್ಚಿಕೊಂಡಳು. ಅವನು ನಗು ತಡೆಯಲು ಬ್ರಶ್ಶನ್ನೇ ಮೂಗಿಗೆ ಒತ್ತಿಕೊಂಡು ಮೂಗೆಲ್ಲ ನೀಲಿಯಾದ. ಅದನ್ನು ನೋಡಿ ಅವಳು ನಕ್ಕಳು. ಎಷ್ಟು ದಿನವಾಗಿತ್ತೋ ಹಾಗೆ ನಕ್ಕು! ಅದೇ ಗಳಿಗೆಯಲ್ಲಿ ಬೆನ್ನ ಹಿಂದೆ ಗಂಡನೇ ನಿಂತು ಉಸಿರು ಬಿಟ್ಟಂತಾಯಿತು. ತಿರುಗಿದರೆ ಖಾಲಿ ಪಡಸಾಲೆ.

ನದಿ ಬೆಟ್ಟ ಮುಗಿದು ಪಕ್ಕದ ಗೋಡೆಯಲ್ಲಿ ದೇಶಗಳ ನಕ್ಷೆ ಶುರುವಾಯಿತು. ಅಕ್ಕಪಕ್ಕದ ದೇಶಗಳಿಗೆ ಒಂದೇ ಬಣ್ಣ ಬರಬಾರದು ಎಂಬುದು ಅವನು ಮಕ್ಕಳಿಗೆ ಹೇಳಿಕೊಟ್ಟಿದ್ದ ನಿಯಮ. ಒಂದು ದಿನ ಅವಳು ಹಸಿರು ಸೀರೆ, ಅವನು ಹಸಿರು ಶರ್ಟು.

"ಸ್ವಲ್ಪ ದೂರ ನಿಂದರ್‍ರಿ ಟೀಚರ್. ಒಂದೇ ಬಣ್ಣದವರು ಬಾಜೂಕ ನಿಂತ್ರ ಒಂದೇ ದೇಶ ಅಂತ ತಿಳ್ಕೋತಾರ ಹುಡುಗರು."

"ತಿಳ್ಕೊಳ್ಳಲಿ ಬಿಡಿ," ಅಂದುಬಿಟ್ಟಳು ಹಂಸ. ಬಾಯಿಂದ ಜಾರಿದ ಮಾತು, ಮತ್ತೆ ಹಿಡಿಯಲಾದೀತೆ? ಕಿವಿ ಬಿಸಿಯಾಯಿತು. ಹೌದು, ಅವಳಿಗೆ ಅವನೆಂದರೆ ಇಷ್ಟ. ಬೆಳಿಗ್ಗೆ ಹೊರಮಾವಿನಲ್ಲಿ ಬಸ್ಸು ಹತ್ತುವಾಗಲೇ ಸಂಜೆಯ ಆ ಅರ್ಧ ಗಂಟೆಗಾಗಿ ಮನಸ್ಸು ಓಡುತ್ತಿತ್ತು.

ಅವನು ಆ ಪ್ರಶ್ನೆ ಕೇಳಿದ್ದು ನಕ್ಷೆಯಲ್ಲಿ ಜೈರ್ ದೇಶಕ್ಕೆ ಬಣ್ಣ ಬಳಿಯುವಾಗ. ಹಿಂದಿನ ವರ್ಷವಷ್ಟೇ ಅದು ಮತ್ತೆ ಕಾಂಗೋ ಆಗಿತ್ತು. ಪುಸ್ತಕದಲ್ಲಿ ಇನ್ನೂ ಹಳೇ ಹೆಸರು.

"ಹೆಸರು ಬದ್ಲಿ ಆತು, ನದಿ ಅದ ಐತ್ರಿ," ಅಂದ. ಬಣ್ಣದ ಡಬ್ಬಿ ಕೆಳಗಿಟ್ಟು, "ನನ್ನ ಮದ್ವಿ ಆಗ್ತೀರೇನ್ರೀ? ನಿಮ್ಮ ಹೆಸರು, ನಿಮ್ಮ ನೆನಪು ಯಾವ್ದೂ ಬದ್ಲಿ ಮಾಡ್ಕೊಳ್ಳೂದು ಬ್ಯಾಡ" ಅಂದ.

ಬಿಸಿ ತುಪ್ಪ ಬಾಯಿಗೆ ಬಂದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

"ಅತ್ತೆ ಪಾಲಿಗೆ ನಾನಿನ್ನೂ ಮುತ್ತೈದೆ ಸರ್. ನಾನು ಹೂಂ ಅಂದ್ರೆ ಅವರ ಮಗನ್ನ ನಾನೇ ಸಾಯಿಸಿದ ಹಾಗೆ. ಆ ಜೀವದ ಮೇಲೆ ಹೆಜ್ಜೆ ಇಟ್ಟು ನಾನು ಬರಲ್ಲ."

"ಕಾಯ್ತೀನ್ರಿ."

"ಅವರೂ ಕಾಯ್ತಾನೇ ಇದಾರೆ," ಅಂದು ಅವಳು ಅತ್ತಳು.

ಉಳಿದದ್ದು ಒಂದೇ ದೇಶ. ಖಂಡದ ಕೊಂಬಿನಂತೆ ಸಮುದ್ರಕ್ಕೆ ಚಾಚಿಕೊಂಡ ತುಂಡು. ಅಪ್ಪ ಅಮ್ಮಂದಿರಿಗೆಂದು ಶಾಲೆ ಇಟ್ಟುಕೊಂಡಿದ್ದ ಪ್ರದರ್ಶನದ ಹಿಂದಿನ ದಿನ ಹಂಸ ತಾನಾಗಿಯೇ ಬ್ರಶ್ ಎತ್ತಿಕೊಂಡಳು. ಗುಲಾಬಿ ಬಣ್ಣ ತುಂಬಿ ಮುದ್ದಾಗಿ ಸೊಮಾಲಿಯಾ ಎಂದು ಬರೆದಳು. ಮನೆಗೆ ಹೋಗಿ ಅತ್ತೆಗೆ ಹೇಳಿದಳು, "ನಾಳೆ ನಮ್ ಸ್ಕೂಲಿಗೆ ಬನ್ನಿ. ಅವರು ಹೋದ ದೇಶ ತೋರಿಸ್ತೀನಿ."

ಆಂಜನಮ್ಮ ರೇಷ್ಮೆ ಸೀರೆ ಉಟ್ಟು ಬಂದರು. ಮಗನನ್ನೇ ನೋಡಲು ಹೊರಟವರ ಹಾಗಿದ್ದರು. ಪಡಸಾಲೆ ತುಂಬ ಮಕ್ಕಳು, ಅಪ್ಪ ಅಮ್ಮಂದಿರು. ಸಿದ್ಧಲಿಂಗೇಶ ಕೈಮುಗಿದು ದಾರಿ ಬಿಡಿಸಿದ. ನೀಲಿ ಸಮುದ್ರದ ಈಚೆ ದಡದಲ್ಲಿ ನಮ್ಮ ದೇಶದ ಒಂದು ಚೂರನ್ನೂ ಅವನು ಬರೆದಿದ್ದ.

"ನಮ್ಮೂರೆಲ್ಲಿ ಮೇಷ್ಟ್ರೇ?"

ಅವನು ಬೆಂಗಳೂರಿನ ಚುಕ್ಕಿ ತೋರಿಸಿದ.

"ಅವನ ದೇಶ?"

ಹಂಸ ಗುಲಾಬಿ ಬಣ್ಣದ ಮೇಲೆ ಬೆರಳಿಟ್ಟಳು.

ಆಂಜನಮ್ಮ ಅದನ್ನೂ ಇದನ್ನೂ ನೋಡಿದರು. ಆಮೇಲೆ, ಹೂವಿನ ಮಾಲೆ ಅಳೆಯುವವರ ಹಾಗೆ, ಬೆಂಗಳೂರಿನ ಮೇಲೆ ಮೊಣಕೈ ಊರಿ ಸಮುದ್ರದ ಮೇಲೆ ಕೈ ಚಾಚಿದರು. ಒಂದು ಮೊಳ. ಬೆರಳ ತುದಿಯಲ್ಲಿ ಮತ್ತೆ ಮೊಣಕೈ ಊರಿದರು. ಎರಡನೇ ಮೊಳಕ್ಕೆ ಬೆರಳು ಸೊಮಾಲಿಯಾ ಮುಟ್ಟಿತು.

"ಇಷ್ಟೇನಾ?"

ಆಂಜನಮ್ಮ ಸೊಸೆಯ ಕಡೆ ತಿರುಗಿದರು.

"ಎರಡು ಮೊಳ ದೂರದಿಂದ ನನ್ ಮಗ ಬರದೇ ಇರ್ತಾನೇನೇ ಹಂಸ? ಬದುಕಿದ್ದಿದ್ರೆ ತೆವಳ್ಕೊಂಡಾದ್ರೂ ಬಂದ್ಬಿಡ್ತಿದ್ದ."

ಸಿದ್ಧಲಿಂಗೇಶ ಬಾಯಿ ತೆರೆದ. ನಕ್ಷೆಯ ಒಂದು ಗೇಣು ಎಂದರೆ ಎಷ್ಟು ನೆಲ, ಎಷ್ಟು ನೀರು ಎಂದು ಬೆಳಗ್ಗೆಯಷ್ಟೇ ಮಕ್ಕಳಿಗೆ ಪಾಠ ಮಾಡಿದ್ದ ಮೇಷ್ಟ್ರಲ್ಲವೇ! ಹಂಸ ಥಟ್ಟನೆ ಅವನ ಕೈ ಹಿಡಿದು ಬೇಡ ಎಂದು ತಲೆಯಾಡಿಸಿದಳು. ಅವನು ಬಾಯಿ ಮುಚ್ಚಿಕೊಂಡ.

ಆಂಜನಮ್ಮ ಗೋಡೆಗೆ ಹಣೆ ಒತ್ತಿ ಅಳತೊಡಗಿದರು. ಮಗನ ಹೆಸರು ಹಿಡಿದು ಕರೆದು ಕರೆದು ಅತ್ತರು. ಅತ್ತು ಮುಗಿಸಿ ಸೆರಗಿನಿಂದ ಮುಖ ಒರೆಸಿಕೊಂಡು ತಿರುಗಿದಾಗ ಸೊಸೆಯ ಕೈ ಇನ್ನೂ ಮೇಷ್ಟ್ರ ಕೈಯಲ್ಲಿತ್ತು. ಹಂಸ ಸರಕ್ಕನೆ ಎಳೆದುಕೊಂಡಳು.

"ಯಾಕೆ ಬಿಟ್ಟೆ?" ಅಂದರು ಆಂಜನಮ್ಮ. "ನಾಲ್ಕು ತಿಂಗಳಿಂದ ಬಾಯಿ ಬಿಟ್ರೆ ಮೇಷ್ಟ್ರು ಮೇಷ್ಟ್ರು ಅಂತೀಯ. ನನಗೇನು ಕಿವಿ ಇಲ್ವಾ? ಹಿಡ್ಕೊಂಡಿದ್ದೆಯಲ್ಲ, ಹಿಡ್ಕೊ."

ಅವರು ಸಿದ್ಧಲಿಂಗೇಶನ ಕಡೆ ನೋಡಿದರು.

"ಆದ್ರೆ ಇವಳನ್ನ ದೂರ ಕರ್ಕೊಂಡು ಹೋಗ್ಬೇಡಿ ಮೇಷ್ಟ್ರೇ. ಇನ್ನೊಬ್ಬರಿಗೆ ಕಾಯೋ ಶಕ್ತಿ ನನಗಿಲ್ಲ."

"ಎಲ್ಲಿಗೂ ಒಯ್ಯೂದಿಲ್ಲಬೇ ಯವ್ವಾ. ನಾನ ನಿಮ್ಮನಿಗೆ ಬರ್ತೀನಿ."

ಏಳನೇ ಕ್ಲಾಸಿನ ಮಕ್ಕಳೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನೋಡಲಿ ಅಂದುಕೊಂಡಳು ಹಂಸ. ಒಂದು ಕೈಯಲ್ಲಿ ಅತ್ತೆಯ ಕೈ ಹಿಡಿದು, ಇನ್ನೊಂದನ್ನು ಅವನ ಕಡೆ ಚಾಚಿದಳು.