ಮೇಣ ತುಂಬಿದ ಮಗ್ಗುಲು

"ಮೊದಲನೇ ಮಗ್ಗುಲು ಎಷ್ಟು ಸಲ ಬೇಕಾದ್ರೂ ಕೇಳಿ. ಎರಡನೇ ಮಗ್ಗುಲಿಗೆ ಮುಳ್ಳು ಇಡಬೇಡಿ. ಇನ್ನೊಂದು ಮಾತು, ಇದನ್ನ ತೊಳೀಬೇಡಿ," ಎಂದು ಮುದುಕ ರೆಕಾರ್ಡನ್ನು ಮುಂದೆ ಚಾಚಿದ.

ತೊಳೆಯಬೇಡಿ ಎಂದದ್ದಕ್ಕೆ ಅದನ್ನು ಒಯ್ಯಲು ಬಂದವನಿಗೆ ನಗು ಬಂತು. ಹಳೆಯ ರೆಕಾರ್ಡು ಕೈಗೆ ಸಿಕ್ಕರೆ ಅವನಂಥವರು ಮನೆಗೆ ತಂದು ಮಾಡುವ ಮೊದಲ ಕೆಲಸವೇ ಅದು. ಉಗುರುಬೆಚ್ಚಗಿನ ನೀರು, ಎರಡು ಹನಿ ಸೋಪು, ಮೆತ್ತನೆಯ ಬ್ರಷ್ಷು, ಆಮೇಲೆ ಹತ್ತಿಯ ಬಟ್ಟೆ. ತೊಳೆಯದ ರೆಕಾರ್ಡಿಗೆ ಮುಳ್ಳು ಇಡುವುದೆಂದರೆ ಅವನ ಮಟ್ಟಿಗೆ ಹಲ್ಲುಜ್ಜದೆ ತಿಂಡಿಗೆ ಕೂತಷ್ಟೇ ಅಸಹ್ಯ.

ಈ ರೆಕಾರ್ಡಿನ ಹುಚ್ಚಿಗೆ ಬಲ್ಲವರೆಲ್ಲ ಅವನನ್ನು ಪ್ಲೇಟು ಎಂದೇ ಕರೆಯುತ್ತಿದ್ದರು. ಹೊಟ್ಟೆಪಾಡಿಗೆ ಆಸ್ಪತ್ರೆಯೊಂದರಲ್ಲಿ ಜನರ ಕಿವಿ ಪರೀಕ್ಷೆ ಮಾಡುತ್ತಿದ್ದ. ಗಾಜಿನ ಕೋಣೆಯೊಳಗೆ ಅವರನ್ನು ಕೂರಿಸಿ, ಸದ್ದು ಕೇಳಿದಾಗ ಬೆರಳೆತ್ತಿ ಎಂದು ಹೇಳಿ ಹೊರಗೆ ಗುಂಡಿ ಒತ್ತುವ ಕೆಲಸ. ಉಳಿದ ಹೊತ್ತೆಲ್ಲ ರೆಕಾರ್ಡುಗಳ ಬೇಟೆ. ಅದರಲ್ಲೂ ಯಾವ ಕಂಪನಿಯ ಹೆಸರೂ ಇಲ್ಲದ, ಹಾಡಿದವರೇ ಕೈಯಾರೆ ಮಾಡಿಸಿ ಐವತ್ತೋ ನೂರೋ ಪ್ರತಿ ಹಂಚಿ ಮರೆತುಬಿಟ್ಟ ರೆಕಾರ್ಡುಗಳೆಂದರೆ ಅವನು ಊಟ ನಿದ್ದೆ ಬಿಡುತ್ತಿದ್ದ. ಯಾರೂ ಕೇಳದ ಹಾಡನ್ನು ತಾನೊಬ್ಬ ಮೊದಲು ಕೇಳುವುದರಲ್ಲಿ ಇರುವ ಖುಷಿ ಕೇಳಿದವರಿಗೇ ಗೊತ್ತು. ಮನೆಯ ಕಿಟಕಿಯಿಲ್ಲದ ಉಗ್ರಾಣದಲ್ಲಿ ಅಂಥವು ನಾನೂರಿದ್ದವು. ಒಂದು ಆಲಾಪ ಕೇಳಿಸಿದರೆ ಸಾಕು, ಇಂಥವರದೇ ದನಿ ಎಂದು ಹೇಳುತ್ತೇನೆ ಅನ್ನುವ ಜಂಬವೂ ಇತ್ತು.

ಮುದುಕ ಹಿಂದೆ ರೆಕಾರ್ಡು ಅಚ್ಚೊತ್ತುವ ಕಾರ್ಖಾನೆಯಲ್ಲಿದ್ದವನು. ಈಗ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ. ಅಂಗಡಿಯ ತುಂಬ ಸುಟ್ಟ ಎಣ್ಣೆಯ ವಾಸನೆ. ಮೂಲೆಯ ಮಣೆಯ ಮೇಲೆ ಅವನ ತಂಗಿ ಸ್ಕ್ರೂಗಳನ್ನು ಬೇರ್ಪಡಿಸುತ್ತಿದ್ದಳು, ತಲೆಯೆತ್ತಿ ಒಂದು ಮಾತೂ ಆಡಲಿಲ್ಲ. ರೆಕಾರ್ಡಿನ ರಟ್ಟಿನ ಮೇಲೆ ಯಾರೋ ಶಾಯಿಯಲ್ಲಿ ಕೈಯಿಂದಲೇ ಒಂದು ಹಕ್ಕಿ ಬರೆದಿದ್ದರು. ಮೊದಲನೇ ಮಗ್ಗುಲು ಫಳಫಳ ಹೊಳೆಯುತ್ತಿತ್ತು. ಎರಡನೆಯದರಲ್ಲಿ ಗೆರೆಗೆರೆಗೂ ಕಪ್ಪು ಮೇಣ ತುಂಬಿತ್ತು.

"ಯಾಕೆ ಯಜಮಾನ್ರೇ, ಒಳಗೆ ದೆವ್ವ ಇದೆಯಾ?"

"ಮಾಟ ಇದೆ."

"ಮಾಟನೂ ನಿಮಿಷಕ್ಕೆ ಮೂವತ್ಮೂರು ಸುತ್ತು ಸುತ್ತುತ್ತಾ?"

ಮುದುಕ ನಗಲಿಲ್ಲ. "ಇದರಲ್ಲಿ ಹಾಡಿರೋ ಆಯಮ್ಮನಿಗೆ ಹಾಡ್ತಾ ಹಾಡ್ತಾ ದನಿ ಬಿದ್ದುಹೋಯ್ತು. ಎರಡನೇ ಮಗ್ಗುಲು ಬಾಕಿ ಇತ್ತು. ಗಂಡ ಮಾಟಗಾರನ ಹತ್ರ ಹೋದ. ದನಿ ಬಂತು. ಎಲ್ಲಿಂದ ಬಂತು ಅಂತ ಮಾತ್ರ ಕೇಳಬೇಡಿ."

"ಅಷ್ಟು ಭಯ ಇದ್ರೆ ಒಡೆದು ಹಾಕಬೇಕಿತ್ತು."

"ಒಡೆಯೋಕೆ ಕೈ ಬರಲಿಲ್ಲ. ಮನೇಲಿ ಇಟ್ಕೊಳ್ಳೋಕೆ ಇವಳು ಬಿಡ್ತಿಲ್ಲ," ಎಂದು ಮುದುಕ ಮೂಲೆಯತ್ತ ಕಣ್ಣು ಮಾಡಿದ. ತಂಗಿ ಪ್ಲೇಟುವನ್ನೇ ನೋಡುತ್ತಿದ್ದಳು. ಬೇಡ ಎನ್ನುವಂತೆ ತಲೆಯಾಡಿಸಿದಳು. ಪಾಪ, ನಾಚಿಕೆ ಸ್ವಭಾವ ಎಂದುಕೊಂಡು ಅವನು ರೆಕಾರ್ಡನ್ನು ಚೀಲಕ್ಕೆ ಇಳಿಸಿದ.

ಭಾನುವಾರ ಮಧ್ಯಾಹ್ನ ಅದನ್ನು ತೊಳೆದ. ಬಿಸಿನೀರಿಗೆ ಮೇಣ ಸುಲಭವಾಗಿ ಬಿಟ್ಟಿತು. ಬಟ್ಟಲಿನ ನೀರು ಮಸಿಯಾಯಿತು. ಸುಟ್ಟ ಕೂದಲಿನ ವಾಸನೆ ಬಚ್ಚಲಿನಿಂದ ಅಡುಗೆಮನೆಗೆ ಹರಡಿತು.

"ಏನ್ರೀ ಅದು, ಏನು ಸುಡ್ತಿದೀರಿ?" ಎಂದು ಹೆಂಡತಿ ಕೂಗಿದಳು.

"ನಿನ್ನ ಸವತೀನ ಸ್ನಾನ ಮಾಡಿಸ್ತಿದೀನಿ ಕಣೇ."

"ನಾನೂರು ಜನ ಸವತಿಯರು. ಒಬ್ಬಳಾದರೂ ಪಾತ್ರೆ ತೊಳೀತಾಳಾ?"

ಆ ದನಿಗೆ ಅವನು ಮಾರುಹೋದದ್ದು ಅವಳ ಮುಖ ನೋಡುವ ಮೊದಲೇ. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಪ್ರತಿ ಸಲ ಮಾತು ಶುರುಮಾಡುವ ಮುಂಚೆ ಒಂದು ಪುಟ್ಟ ಉಸಿರು ಎಳೆದುಕೊಳ್ಳುತ್ತಿದ್ದಳು. ಆ ಉಸಿರಿಗಾಗಿ ಅವನು ಬೇಕೆಂದೇ ಬಸ್ಸುಗಳನ್ನು ಬಿಟ್ಟುಕೊಂಡು ಗಂಟೆಗಟ್ಟಲೆ ಕೂತದ್ದುಂಟು. ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ಈಗ ಅವಳು ಒಂದು ಮಾತನ್ನು ಮೂರು ಸಲ ಹೇಳಬೇಕಾಗುತ್ತಿತ್ತು.

ಉಗ್ರಾಣದ ಬಾಗಿಲು ಹಾಕಿ, ದೀಪ ಆರಿಸಿ, ಹೆಡ್‌ಫೋನು ಏರಿಸಿ ಎರಡನೇ ಮಗ್ಗುಲಿಗೆ ಮುಳ್ಳು ಇಟ್ಟ. ಮೊದಲು ಗರಗರ ಸದ್ದು. ಆಮೇಲೆ ಕತ್ತಲೊಳಗಿಂದ ಒಂದು ಹೆಣ್ಣುದನಿ, ಪದವಿಲ್ಲ, ವಾದ್ಯವಿಲ್ಲ, ಬರೀ ಗುನುಗು. ಎಳೆಯ ದನಿ, ಅಂಜಿದಂಥದು. ಹೊರಗೆ ಹೆಂಡತಿ ಚಹಾ ಆರುತ್ತಿದೆ ಬನ್ನಿ ಎಂದು ಎರಡು ಸಲ ಕರೆದದ್ದು ಅವನಿಗೆ ಗೊತ್ತಾಗಲಿಲ್ಲ. ಮೂರನೇ ಸಲ ಕರೆಯಹೋದವಳಿಗೆ ಕೆಮ್ಮು ಬಂತು.

ಸೋಮವಾರ ಅವಳ ದನಿ ಒಡೆಯಿತು. ಮಂಗಳವಾರ ಮೈಕಿನ ಮುಂದೆ ಕೂತು ಬಾಯಿ ತೆರೆದರೆ ಬರೀ ಗಾಳಿ. ಗಂಟಲು ನೋಡಿದ ಡಾಕ್ಟರು ಎಲ್ಲ ಸರಿಯಾಗಿಯೇ ಇದೆ, ವಿಶ್ರಾಂತಿ ತಗೊಳ್ಳಿ ಎಂದರು. ಪ್ಲೇಟುವೂ ಉಪ್ಪುನೀರು ಮುಕ್ಕಳಿಸು, ಬಿಸಿ ಬಿಸಿ ಕುಡಿ ಎಂದೆಲ್ಲ ಉಪಚಾರ ಹೇಳಿ ಉಗ್ರಾಣ ಸೇರಿಕೊಂಡ. ಅವನ ತಲೆಯೆಲ್ಲ ಅಲ್ಲೇ ಇತ್ತು. ಏಕೆಂದರೆ ಸೋಮವಾರದಿಂದ ಆ ಎಳೆಯ ಗುನುಗಿನ ಕೆಳಗೆ ಇನ್ನೊಂದು ದನಿ ಕೇಳಿಸತೊಡಗಿತ್ತು. ಮಾಗಿದ ದನಿ, ಬೆಚ್ಚನೆಯದು, ಎಲ್ಲೋ ದೂರದಿಂದ ತನ್ನನ್ನೇ ಕರೆದಂಥದು. ಬುಧವಾರ ಅದು ಮುಂದೆ ಬಂದು ಎಳೆಯ ದನಿಯನ್ನು ಮುಚ್ಚಿಬಿಟ್ಟಿತು. ಕೇಳುತ್ತಾ ಕೇಳುತ್ತಾ ಅವನು ಅತ್ತ. ಜೀವಮಾನದಲ್ಲಿ ಇಂಥ ದನಿ ಕೇಳಿಲ್ಲ, ಈಕೆ ಯಾರು, ಎಲ್ಲಿದ್ದಾಳೆ, ಗೊತ್ತಿದ್ದರೆ ತಿಳಿಸಿ ಎಂದು ತನ್ನಂಥ ಹುಚ್ಚರಿಗೆಲ್ಲ ಉದ್ದುದ್ದ ಬರೆದ.

ಗುರುವಾರ ಸಂಜೆ ಹೆಡ್‌ಫೋನು ಬಿಟ್ಟು ಸ್ಪೀಕರಿನಲ್ಲೇ ಹಾಕಿದ. ಚಹಾ ತಂದ ಹೆಂಡತಿ ಬಾಗಿಲಲ್ಲೇ ನಿಂತಳು. ಲೋಟ ಕೈಜಾರಿತು. ಚಹಾ ಅವಳ ಪಾದದ ಮೇಲೆ ಚೆಲ್ಲಿದರೂ ಅವಳು ಅಲುಗಲಿಲ್ಲ. ಗೋಡೆ ಹಿಡಿದು ಬಂದು, ಅವನ ಪೆನ್ನು ಕಿತ್ತುಕೊಂಡು ಅಲ್ಲಿದ್ದ ರಟ್ಟಿನ ಮೇಲೆ ಬರೆದಳು: ಇದು ನಾನು.

"ನಲವತ್ತು ವರ್ಷದ ಹಿಂದಿನ ರೆಕಾರ್ಡು ಕಣೇ. ನಿನಗೆಲ್ಲೋ ಭ್ರಮೆ," ಎಂದ ಅವನು. ಹೇಳುತ್ತಿರುವಾಗಲೇ ಒಂದು ಗುನುಗು ಮುಗಿಯಿತು. ಮುಂದಿನದು ಶುರುವಾಗುವ ಮೊದಲು ಸ್ಪೀಕರಿನಲ್ಲಿ ಪುಟ್ಟದೊಂದು ಉಸಿರು ಎಳೆದುಕೊಂಡದ್ದು ಕೇಳಿಸಿತು.

ಅವನು ಸ್ಪೀಕರಿನತ್ತ ಬಾಗಿದ. ಸೋಮವಾರದಿಂದಲೂ ಆ ಉಸಿರು ಅವನ ಕಿವಿಯೊಳಗೇ ಇತ್ತು. ನೂರು ಸಲ ಕೇಳಿದ್ದ. ಹೊಗಳಿದ್ದ. ಯಾರೆಂದು ಊರೆಲ್ಲ ವಿಚಾರಿಸಿದ್ದ. ಹೆಂಡತಿಯ ಮುಖದಲ್ಲಿ ಹೆದರಿಕೆಗಿಂತ ಹೆಚ್ಚಾಗಿ ಕಾಣಿಸಿದ್ದು ನೋವು. ತನ್ನ ದನಿ ಕಳೆದುಹೋದದ್ದಕ್ಕಲ್ಲ, ಅದು ಗಂಡನಿಗೆ ಗುರುತು ಸಿಗಲಿಲ್ಲವಲ್ಲ ಎಂಬುದಕ್ಕೆ. ಅದನ್ನು ಅವಳು ಬರೆಯಲಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ.

ಶುಕ್ರವಾರ ಇಬ್ಬರೂ ಮುದುಕನ ಅಂಗಡಿಗೆ ಹೋದರು. ಮುದುಕ ಅವಳ ಮುಖ ನೋಡಿಯೇ ತಿಳಿದುಕೊಂಡ.

"ತೊಳೆದ್ರಿ ಅಲ್ವಾ?"

ಪ್ಲೇಟು ತಲೆ ತಗ್ಗಿಸಿದ. ಮೂಲೆಯಿಂದ ತಂಗಿ ಎದ್ದು ಬಂದು ಅವನ ಹೆಂಡತಿಯ ಕೈ ಹಿಡಿದುಕೊಂಡಳು. ಇಬ್ಬರು ಹೆಂಗಸರೂ ಬಾಯಿಲ್ಲದೆ ಒಬ್ಬರನ್ನೊಬ್ಬರು ನೋಡಿದರು.

"ನೀವು ಮೊದಲು ಕೇಳಿದ ಎಳೇ ದನಿ ಇವಳದು," ಎಂದ ಮುದುಕ. "ಕಾರ್ಖಾನೇಲಿ ರಟ್ಟು ಅಂಟಿಸ್ತಿದ್ಲು, ಹಕ್ಕಿ ಥರ ಹಾಡಿಕೊಂಡು. ಅಚ್ಚಾದ ಮೇಲೆ ಸರಿಯಾಗಿದೆಯಾ ಅಂತ ಮುಳ್ಳಿಟ್ಟು ನೋಡಿದವನು ನಾನು. ಪಕ್ಕದಲ್ಲಿ ಇವಳಿದ್ಲು. ಮುಳ್ಳಿಟ್ಟವನ ಹತ್ರದವಳ ದನಿ ಎಳ್ಕೊಳ್ಳುತ್ತೆ ಅದು."

"ವಾಪಸ್ ಬರೋಕೆ ದಾರಿ ಇಲ್ವಾ?"

"ಇದೆ. ದನಿ ಪೂರ್ತಿ ಹೋದ ಎಂಟು ದಿನದೊಳಗೆ, ದನಿ ಕಳಕೊಂಡವಳನ್ನ ಎದುರಿಗೆ ಕೂರಿಸ್ಕೊಂಡು, ನನ್ನ ಕಿವಿ ತಗೋ ಅಂತ ಹೇಳಿ ಮುಳ್ಳಿಟ್ಟವನೇ ಇನ್ನೊಂದು ಸಲ ಇಡಬೇಕು. ಮಗ್ಗುಲು ಮುಗಿಯೋ ಹೊತ್ತಿಗೆ ದನಿ ಅವಳಿಗೆ ಬರುತ್ತೆ. ಮುಳ್ಳಿಟ್ಟವನಿಗೆ ಕಿವಿ ಹೋಗುತ್ತೆ. ಮತ್ತೆ ಬರಲ್ಲ."

ಹೊರಗೆ ಯಾವುದೋ ಗಾಡಿ ಹಾರ್ನು ಹೊಡೆಯಿತು. ಮುದುಕ ಕಣ್ಣೊರೆಸಿಕೊಂಡ. "ನಾನು ಕೊಡಲಿಲ್ಲ. ನಾಳೆ ನಾಳೆ ಅಂದೆ. ಎಂಟು ದಿನ ಆಗೋಯ್ತು. ಆಮೇಲೆ ಮೇಣ ತುಂಬಿದೆ. ನಾನು ತುಂಬಿದ್ದಕ್ಕೇ ಅದು ತೊಳೆದ್ರೆ ಬಿಟ್ಟಿದ್ದು. ದನಿ ಕಳಕೊಂಡವಳೇ ತನ್ನ ಕೈಯಿಂದ ತುಂಬಿದ್ರೆ ಆ ಮೇಣ ಮತ್ತೆ ಬಿಡಲ್ಲ. ಮಾಟ ಅಲ್ಲಿಗೆ ಮುಗೀತು, ಇನ್ಯಾರ ದನಿಯೂ ಹೋಗಲ್ಲ. ಅವಳ ದನಿಯೂ ಒಳಗೇ ಉಳಿಯುತ್ತೆ. ಇವಳಿಗೆ ತುಂಬು ಅಂದ್ರೆ ತುಂಬಲಿಲ್ಲ. ಅಣ್ಣ ಕೊಡ್ತಾನೆ ಅಂತ ಕಾದಳು."

ಮಂಗಳವಾರದಿಂದ ಎಣಿಸಿದರೆ ಇನ್ನು ಬುಧವಾರದವರೆಗೆ ಗಡುವು. ದಾರಿಯಲ್ಲೇ ಪ್ಲೇಟು ಹೆಂಡತಿಯ ಕೈ ಒತ್ತಿ ಹಿಡಿದು, "ಕೊಡ್ತೀನಿ. ಬೇರೆ ಮಾತೇ ಇಲ್ಲ," ಎಂದ. ಅವನು ಸುಳ್ಳು ಹೇಳಲಿಲ್ಲ. ಆ ಗಳಿಗೆಯಲ್ಲಿ ಅದು ಅವನ ಎದೆಯಿಂದಲೇ ಬಂದ ಮಾತು.

ಆದರೆ ಮನೆಗೆ ಬಂದು ಉಗ್ರಾಣದ ಬಾಗಿಲು ತೆರೆದಾಗ ನಾನೂರು ರಟ್ಟುಗಳ ಬೆನ್ನು ಕಂಡಿತು. ಇನ್ನು ಇವನ್ನು ಕೇಳುವಂತಿಲ್ಲ. ಹೇಗೂ ಐದು ದಿನವಿದೆ, ಒಂದೊಂದನ್ನು ಕೊನೆಯ ಸಲ ಕೇಳಿಬಿಡೋಣ, ಬುಧವಾರ ಬೆಳಿಗ್ಗೆ ಕೊಟ್ಟರಾಯಿತು ಎಂದುಕೊಂಡ. ಶುಕ್ರವಾರ ಸಂಜೆ ಶುರುಮಾಡಿದ. ಶನಿವಾರ, ಭಾನುವಾರ ಹೊರಗೇ ಬರಲಿಲ್ಲ. ಒಂದನ್ನು ಕೇಳಿದರೆ ಇನ್ನೊಂದರ ಮೇಲೆ ಆಸೆ. ಮುಗಿದದ್ದನ್ನು ಎದೆಗೊತ್ತಿಕೊಂಡು ಅಳುತ್ತಿದ್ದ, ಮತ್ತೆ ಹೊಸತು ಹಾಕುತ್ತಿದ್ದ. ಹೆಂಡತಿ ತಟ್ಟೆ ತಂದು ಬಾಗಿಲ ಬಳಿ ಇಡುತ್ತಿದ್ದಳು. ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಅವನು ಕಣ್ಣು ಮುಚ್ಚಿ ಕೂತಿರುತ್ತಿದ್ದ.

ಮಂಗಳವಾರ ಮಧ್ಯಾಹ್ನ ಆಸ್ಪತ್ರೆಯಿಂದ ಬಂದು ಬಾಗಿಲು ತೆರೆದಾಗ ಮೂಗಿಗೆ ಬಡಿದದ್ದು ಕಾಯಿಸಿದ ಮೇಣದ ವಾಸನೆ.

ಊಟದ ಮೇಜಿನ ಮೇಲೆ ರೆಕಾರ್ಡಿತ್ತು. ಎರಡನೇ ಮಗ್ಗುಲು ಮೇಲಾಗಿ. ಗೆರೆ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಸಣ್ಣ ಪಾತ್ರೆ, ಚಮಚ, ಅರ್ಧ ಕರಗಿದ ಮೇಣದ ಬತ್ತಿಗಳು. ಹೆಂಡತಿ ಕುರ್ಚಿಯಲ್ಲಿ ಕೂತಿದ್ದಳು. ಬೆರಳುಗಳ ಮೇಲೆ ಸುಟ್ಟ ಬೊಬ್ಬೆಗಳಿದ್ದವು. ಅವಳು ಒಂದು ಹಾಳೆ ಮುಂದೆ ನೂಕಿದಳು.

ನಾಲ್ಕು ದಿನ ನೋಡಿದೆ. ಎಪ್ಪತ್ತು ರೆಕಾರ್ಡು ಕೇಳಿದ್ದಾಯಿತೇನೋ. ಇನ್ನೂ ಮುನ್ನೂರು ಚಿಲ್ಲರೆ ಇವೆ. ನಾಳೆ ನೀವು ಕಿವಿ ಕೊಟ್ಟಿದ್ದರೆ, ಇರೋವರೆಗೂ ಆ ಉಗ್ರಾಣದ ಮುಂದೆ ಕೂತು ನನ್ನ ಮುಖ ನೋಡುತ್ತಿದ್ದಿರಿ. ಕೊಡದೆ ಹೋಗಿದ್ದರೆ ನಾನು ನಿಮ್ಮ ಮುಖ ನೋಡುತ್ತಿರಲಿಲ್ಲ. ಎರಡೂ ಬೇಡ ಅನ್ನಿಸಿತು.

ಅವನು ರೆಕಾರ್ಡು ಎತ್ತಿಕೊಂಡು ಬಚ್ಚಲಿಗೆ ಓಡಿದ. ನಲ್ಲಿ ತಿರುಗಿಸಿದ. ಬಿಸಿನೀರು. ಇನ್ನೂ ಬಿಸಿ. ಕೈ ಸುಟ್ಟಿತು. ಸೋಪು ಹಾಕಿದ. ಬ್ರಷ್ಷಿನಿಂದ ತಿಕ್ಕಿದ. ನೀರು ತಿಳಿಯಾಗಿಯೇ ಹರಿಯಿತು. ಉಗುರು ಹಾಕಿ ಕೆರೆದ. ಉಗುರು ಜಾರಿತು. ಮೇಣ ಅಲ್ಲ ಅದು. ಕಲ್ಲು. ಉಗ್ರಾಣಕ್ಕೆ ಓಡಿದ. ಒದ್ದೆ ರೆಕಾರ್ಡನ್ನೇ ಹಾಕಿದ. "ನನ್ನ ಕಿವಿ ತಗೋ," ಎಂದ. ಮುಳ್ಳು ಇಟ್ಟ. ಮುಳ್ಳು ಜಾರಿತು. ಮತ್ತೆ ಇಟ್ಟ. ಜಾರಿತು. "ತಗೋ, ಎರಡೂ ತಗೋ." ಮುಳ್ಳು ಸರ್ರನೆ ಅಂಚಿಗೆ ಹೋಗಿ ಕೆಳಗೆ ಬಿತ್ತು. ಕತ್ತಲಲ್ಲಿ ಯಂತ್ರ ತಿರುಗುವ ಸದ್ದು ಕೇಳಿಸುತ್ತಿತ್ತು. ಅವನ ಕಿವಿ ಎರಡೂ ನೆಟ್ಟಗಿದ್ದವು.

ಹೆಂಡತಿ ಬಂದು ಯಂತ್ರ ನಿಲ್ಲಿಸಿದಳು. ದೀಪ ಹಾಕಿದಳು. ಅವನು ನೆಲದ ಮೇಲೆ ಕೂತು ಅವಳ ಸೀರೆಯ ಅಂಚು ಹಿಡಿದುಕೊಂಡ.

"ಬಯ್ಯೇ. ಬಾಯಿಗೆ ಬಂದಂಗೆ ಬಯ್ಯಿ."

ಅವಳು ಅವನ ಎದುರಿಗೇ ಕುಕ್ಕರುಗಾಲಿನಲ್ಲಿ ಕೂತಳು. ಮಾತಾಡಿದಳು. ತುಟಿ ಬಿಡುವಿಲ್ಲದೆ ಆಡುತ್ತಿತ್ತು, ಕತ್ತಿನ ನರ ಉಬ್ಬಿತ್ತು, ನಡುವೆ ಒಮ್ಮೆ ನಕ್ಕಂತೆಯೂ ಕಂಡಿತು, ಆಮೇಲೆ ಕಣ್ಣಲ್ಲಿ ನೀರು ಹರಿಯಿತು. ಹನ್ನೊಂದು ವರ್ಷದ್ದೆಲ್ಲ ಅದರಲ್ಲಿತ್ತೋ ಏನೋ. ಅವನು ಕಣ್ಣು ಕಿರಿದು ಮಾಡಿ ನೋಡಿದ, ಒಂದು ಪದವೂ ತಿಳಿಯಲಿಲ್ಲ. ಕೊನೆಗೆ ಅವಳು ಬಾಯಿ ಮುಚ್ಚಿದಳು.

ಅವನು ತಡಕಾಡಿ ಒಂದು ಹಾಳೆ ಹುಡುಕಿ, ಪೆನ್ನಿನ ಜೊತೆ ಅವಳ ಮುಂದಿಟ್ಟ. "ಏನು ಹೇಳಿದೆ? ಬರೆದುಕೊಡು," ಎಂದ.

ಅವಳು ಹಾಳೆಯನ್ನು ನೋಡಿದಳು, ಅವನನ್ನು ನೋಡಿದಳು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ ಅವನ ಜೇಬಿಗೆ ಸಿಕ್ಕಿಸಿ ಎದ್ದು ಹೋದಳು.