ಎರಡನೇ ಸಲ ಬಂದ ಸಿಗ್ನಲ್

"ಅಲ್ಲೇ ನಿಲ್ರಿ! ತಂತಿ ಮುಟ್ಟಬ್ಯಾಡ್ರಿ..."

ಎತ್ತಿದ ಕಾಲನ್ನು ಆಮ್ರಪಾಲಿ ಹಿಂದಕ್ಕಿಟ್ಟಳು. ಮಸಗುಪ್ಪಿಯ ಅವಳ ಮನೆಯ ಹಿಂದಿನ ಗೋವಿನಜೋಳದ ಹೊಲಕ್ಕೆ ಕಾಡುಹಂದಿ ಬರದಂತೆ ಕರೆಂಟಿನ ಝಟಕಾ ತಂತಿ ಕಟ್ಟಿತ್ತು. ಒಳಗೆ ಅವಳಿರುವುದು ತಿಳಿಯದೆ ಹೊಲದೊಡೆಯ ಸಾಗರ ಮಷೀನ್ ಚಾಲೂ ಮಾಡಿದ್ದ; ಈಗ ಕಂಡು ಕೂಗಿದ್ದ.

ಮನೆಯಲ್ಲೂ ಬಂದಿ, ಇಲ್ಲೂ ಬಂದಿ...

ಅವನು ಬಂದ್ ಮಾಡಿ ಕರೆದಾಗ, ಆಂಟೆನಾಕ್ಕೆ ಜಾಗ ಹುಡುಕುತ್ತಿದ್ದೆ ಎಂದಳು. ಹುಕ್ಕೇರಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವಳನ್ನು, ಗೋಕಾಕದ ವರ ಒಪ್ಪಿದ ಮೇಲೆ ಅಪ್ಪ ಬಸ್ಸು ಹತ್ತಲು ಬಿಟ್ಟಿರಲಿಲ್ಲ. ಅವಳ ಮಾಳಿಗೆಯ ಆಂಟೆನಾಕ್ಕೆ ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ರೇಡಿಯೋ ಸ್ಫೋಟಗಳು ಸಿಕ್ಕಿದ್ದವು. ಅವು ಆಕಾಶದ್ದೇ ಎಂದಾದರೆ ಪುಣೆಯಲ್ಲಿ ಸಂಶೋಧನೆಯ ಸೀಟು, ಬೇಡದ ಮದುವೆಯಿಂದ ಬಿಡುಗಡೆ!

ದಿನಾ ಸಂಜೆ ಅವಳು ಆಂಟೆನಾದ ಸಿಗ್ನಲ್ ತೋರಿಸುವ ಲ್ಯಾಪ್‌ಟಾಪ್ ಹಿಡಿದು ಹೊಲಕ್ಕೆ ಬಂದಳು. ಆ ಸ್ಫೋಟಗಳು ಎಲ್ಲಿಂದ ಬರುತ್ತವೆ ಎಂದು ಅವನು ಕೇಳಿದ.

"ಎರಡು ಸತ್ತ ನಕ್ಷತ್ರ ಡಿಕ್ಕಿ ಹೊಡದಿರಬಹುದು. ಇಲ್ಲಾಂದ್ರ ಮ್ಯಾಗ್ನೆಟಾರ್, ಭಾಳ ಜೋರ ಕಾಂತಶಕ್ತಿ ಇರೋ ನಕ್ಷತ್ರ. ಖರೆ ಏನಂತ ಪೂರಾ ಯಾರಿಗೂ ಗೊತ್ತಿಲ್ರಿ. ಡಿಕ್ಕಿ ಆದ್ರ ಒಂದ ಸಲ. ಎರಡನೇ ಸಲ ಬಂತಂದ್ರ, ಕಳಿಸಿದ ನಕ್ಷತ್ರ ಇನ್ನೂ ಉಳದೈತಿ."

ಒಂಬತ್ತನೇ ದಿನ ತಂತಿಗೆ ಜೋಳದ ಒದ್ದೆ ಗರಿ ತಾಗಿ ಕಿಡಿ ಹಾರಿತು. ಅದೇ ಕ್ಷಣ ಅವಳ ಪರದೆಯ ಮೇಲೆ ಸ್ಫೋಟ ಮೂಡಿತು! ಆಕಾಶದ್ದಲ್ಲ, ಈ ತಂತಿಯದು!

"ನಿಮಗ ಗೊತ್ತಿತ್ತೇನ್ರಿ?"

ಸಾಗರ ತಲೆ ತಗ್ಗಿಸಿದ. "ಮೊದಲ ದಿನಾನ ಅನುಮಾನ ಬಂದಿತ್ತು. ನನ್ನ ರೇಡಿಯೋದಾಗೂ ಹಿಂಗ ಚಟಪಟ ಅಂತೈತಿ. ಹೇಳಿದ್ರ ನೀವು ಬರೂದು ನಿಲ್ಲಸ್ತೀರಿ ಅಂತ... ನೀವಂದ್ರ ನನಗ ಜೀವ."

ಇವನೂ ನನ್ನನ್ನು ಕಟ್ಟಿಹಾಕಿದನಲ್ಲ! ಅವಳು ಲ್ಯಾಪ್‌ಟಾಪ್ ಮುಚ್ಚಿ ನಡೆದಳು. ಮನೆಯಲ್ಲಿ ಅಪ್ಪ ಮದುವೆಯ ದಿನ ಗೊತ್ತು ಮಾಡುತ್ತಿದ್ದ.

ನಾಲ್ಕು ದಿನ ಪರದೆ ಖಾಲಿ. ಸಾಗರ ತಂತಿ ಬಂದ್ ಮಾಡಿದ್ದಾನೆ, ಹಂದಿಗಳು ಅರ್ಧ ಜೋಳ ಮಲಗಿಸಿವೆ ಎಂದು ಪಕ್ಕದ ಮನೆಯ ಉದ್ದವ್ವ ಹೇಳಿದಳು. ಸಿಟ್ಟಿನಲ್ಲೂ ಆಮ್ರಪಾಲಿಗೆ ಅಳು ಬಂತು.

ಐದನೇ ಸಂಜೆ ಪರದೆಯ ಮೇಲೆ ಮೂರು ಸ್ಫೋಟ. ಸ್ವಲ್ಪ ಬಿಟ್ಟು ಮತ್ತೆ ಮೂರು.

ಹಂದಿ ಎಣಿಸಿ ತಂತಿ ಮುಟ್ಟುವುದಿಲ್ಲ!

ಅಪ್ಪ ಕೂಗಿದರೂ ನಿಲ್ಲದೆ ಓಡಿದಳು. ಸಾಗರ ತಂತಿಯ ಒಳಗೆ, ಕೈಯಲ್ಲಿ ಒದ್ದೆ ದಂಟು ಹಿಡಿದು ನಿಂತಿದ್ದ.

"ಚಾಲೂ ಮಾಡಿ, ತಂತಿ ಕೆಳಗ ನುಸುಳಿ ಒಳಗ ನಿಂತೇನ್ರಿ. ನಿಮಗ ಹ್ಯಾಂಗ ಅನಸ್ತಿತ್ತು ಅಂತ ಈಗ ತಿಳೀತು. ತಪ್ಪಾತು. ಸ್ವಿಚ್ ನಿಮ್ಮ ಕಡೆ ಐತಿ."

ಅವಳು ಸ್ವಿಚ್ ಆರಿಸಿದಳು. ಆಕಾಶದ ಸ್ಫೋಟ ಹುಡುಕಿ ಪುಣೆಗೆ ಅರ್ಜಿ ಹಾಕಿರಿ, ಈ ತಂತಿ ಇನ್ನು ಬಂದಾಗಿಯೇ ಇರುತ್ತದೆ ಎಂದ. ಜೋಳ ಉಳಿಯಬೇಕು, ಆಂಟೆನಾವನ್ನೇ ದೂರ ಒಯ್ಯೋಣ ಎಂದಳು ಅವಳು.

"ಅವತ್ತ ಹೇಳಿದ್ದನ್ನ... ಇನ್ನೊಮ್ಮಿ ಹೇಳ್ರಿ."

"ನೀವಂದ್ರ ನನಗ ಜೀವ."

"ಉಳದೈತಿ..." ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು. "ನಡೀರಿ. ಅಪ್ಪನ ಮುಂದ ಈ ಸಲ ನಾ ಹೇಳತೇನಿ."